ನಾಜಲ್ಲಿನ ಅಂಚಿನ ಮನೆ

ರಾಕೆಟ್ ಕಟ್ಟುವವರಲ್ಲೂ ಗುರು-ಶಿಷ್ಯರಿದ್ದಾರೆ. ಕಾವಿ ಇಲ್ಲ, ಕಮಂಡಲ ಇಲ್ಲ, ಅಷ್ಟೇ. ಉಳಿದದ್ದೆಲ್ಲ ಹಳೆಯದೇ. ಗುರುವಿಗೆ ಮಾತು ಕಡಿಮೆ, ಶಿಷ್ಯನಿಗೆ ಅವಸರ ಜಾಸ್ತಿ.

ಮಲಪ್ರಭೆಯ ದಂಡೆಯ ಮೇಲೆ ಅಂಥದೊಂದು ಸಂಶೋಧನಾಲಯ ಇತ್ತು ಎಂದುಕೊಳ್ಳಿ. ಅಲ್ಲಿ ಕುಮುದಿನಿ ಹುನಗುಂದ ಎಂಬ ಹಿರಿಯ ವಿಜ್ಞಾನಿ ಇದ್ದರು. ನಿವೃತ್ತಿಯಾಗಿ ಹತ್ತು ವರ್ಷ ಕಳೆದಿದ್ದರೂ ದಿನಾ ಬರುತ್ತಿದ್ದರು. ಬರಬೇಡಿ ಎನ್ನುವ ಗಂಡೆದೆ ಯಾರಿಗೂ ಇರಲಿಲ್ಲ.

ಆ ಸೀಮೆಯಲ್ಲಿ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ನಿರ್ದೇಶಕರಿಂದ ಹಿಡಿದು ಗೇಟಿನವರ ತನಕ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು.

ಅವರ ಕೊನೆಯ ಶಿಷ್ಯ ದಸ್ತಗೀರ ನದಾಫ. ಹತ್ತಿ ಹಿಂಜುವ ಮನೆತನದವನು. ಅಪ್ಪ ಗಾದಿ ತುಂಬುತ್ತಿದ್ದ, ಮಗ ಸಮೀಕರಣ ಬಿಡಿಸುತ್ತಿದ್ದ. ಆರು ವರ್ಷದಿಂದ ಅಕ್ಕೋರ ಕೈಕೆಳಗೆ ಪಳಗಿದ್ದ.

ಅವರಿಬ್ಬರ ಕೆಲಸ ರಾಕೆಟ್ಟಿನ ಹೊಗೆಯದು. ಹೊಗೆ ಎಂದರೆ ಅಕ್ಕೋರು ಸಿಟ್ಟಾಗುತ್ತಿದ್ದರು. ಅವರದು ಅಣುರಾಕೆಟ್, ಅದರಲ್ಲಿ ಏನೂ ಉರಿಯುವುದಿಲ್ಲ.

ನಡುವೆ ಒಂದು ಪರಮಾಣು ರಿಯಾಕ್ಟರ್ ನಿಗಿನಿಗಿ ಕಾದು ಕೂತಿರುತ್ತದೆ. ತಣ್ಣನೆಯ ಹೈಡ್ರೋಜನ್ ಅದರ ಸಂದುಗೊಂದಿಗಳಲ್ಲಿ ನುಸುಳುತ್ತದೆ. ಕಬ್ಬಿಣ ಕರಗುವುದಕ್ಕಿಂತ ಹೆಚ್ಚು ಕಾದು, ಹಿಂದಿನ ಗಂಟೆಯಾಕಾರದ ಬಾಯಿಯಿಂದ ಹೊರಗೆ ನುಗ್ಗುತ್ತದೆ. ಆ ಬಾಯಿಗೆ ನಾಜಲ್ ಎಂದು ಹೆಸರು. ಅನಿಲ ಹಿಂದಕ್ಕೆ ಚಿಮ್ಮಿದಷ್ಟೂ ರಾಕೆಟ್ ಮುಂದಕ್ಕೆ ಓಡುತ್ತದೆ.

ಹೇಳುವುದಕ್ಕೇನು, ಎರಡು ಮಾತಿನಲ್ಲಿ ಮುಗಿಯಿತು. ಆದರೆ ಇಂಥದ್ದನ್ನು ಹಿತ್ತಲಲ್ಲಿ ಹಚ್ಚಿ ನೋಡಲು ಬರುವುದಿಲ್ಲ. ಆದ್ದರಿಂದ ಮೊದಲು ಕಂಪ್ಯೂಟರಿನಲ್ಲಿ ಹಚ್ಚುತ್ತಾರೆ. ಇಲ್ಲದ ರಾಕೆಟ್ಟಿನ ಇಲ್ಲದ ಅನಿಲವನ್ನು ಬರೀ ಲೆಕ್ಕದಿಂದ ಹರಿಸಿ, ಅದು ಎಲ್ಲಿ ತಿರುಗೀತು, ಎಲ್ಲಿ ಸುಟ್ಟೀತು ಎಂದು ಮೊದಲೇ ಹೇಳುವ ವಿದ್ಯೆ ಇದು. ನನಗಂತೂ ಇದು ದೊಡ್ಡ ವಿದ್ಯೆ ಎನಿಸುತ್ತದೆ. ಕಣ್ಣಿಗೆ ಕಾಣದ್ದರ ಬಗ್ಗೆ ಸುಳ್ಳು ಹೇಳದೆ ಇರುವುದು ಸುಲಭವಲ್ಲ.

ಲೆಕ್ಕ ಹೀಗೆ. ನಾಜಲ್ಲಿನ ಒಳಗೆ, ಹೊರಗೆ, ಸುತ್ತಮುತ್ತ ಇರುವ ಜಾಗವನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸುತ್ತಾರೆ. ಪಗಡೆ ಹಾಸಿನಲ್ಲಿ ಹೇಳುವ ಹಾಗೆ ಅವಕ್ಕೂ ಮನೆ ಎಂದೇ ಹೆಸರು. ಒಟ್ಟು ನಾಲ್ಕು ಕೋಟಿ ಮನೆಗಳು. ಒಂದೊಂದು ಮನೆಗೂ ಎಷ್ಟು ಅನಿಲ ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಕಂಪ್ಯೂಟರ್ ಕ್ಷಣಕ್ಷಣವೂ ಎಣಿಸುತ್ತದೆ.

ದಸ್ತಗೀರನಿಗೆ ಕೊಟ್ಟ ಪ್ರಶ್ನೆ ಒಂದೇ. ಈ ರಾಕೆಟ್ಟಿಗೆ ಮೂರು ನಾಜಲ್, ಒಂದರ ಪಕ್ಕ ಒಂದು. ಅವುಗಳ ನಡುವಿನ ಸಂದಿಯಲ್ಲಿ ಹೈಡ್ರೋಜನ್ ವಾಲ್ವ್‌ಗಳು, ಅವಕ್ಕೆ ಮೆತ್ತನೆಯ ವಾಷರ್‌ಗಳು. ಹೊರಬಿದ್ದ ಅನಿಲವೆಲ್ಲ ದೂರ ಹೋಗುತ್ತದೆಯೋ, ಇಲ್ಲ ನಾಜಲ್ಲಿನ ಅಂಚಿನಲ್ಲಿ ಸುತ್ತಿಕೊಂಡು ಸಂದಿಗೆ ವಾಪಸ್ ಬರುತ್ತದೆಯೋ?

ಬಂದರೆ ವಾಷರ್ ಕರಗುತ್ತದೆ. ಅದನ್ನು ಕಾಯಲು ನಲವತ್ತು ಕಿಲೋ ತೂಕದ ಲೋಹದ ಮರೆ ಕಟ್ಟಬೇಕು. ಬಾರದಿದ್ದರೆ ಮರೆ ಬೇಡ. ರಾಕೆಟ್ಟಿನವರಿಗೆ ನಲವತ್ತು ಕಿಲೋ ಎಂದರೆ ನಲವತ್ತು ರಾತ್ರಿಯ ನಿದ್ದೆಗೇಡು. ಬಾರದಿರಲಿ ಎಂದೇ ಎಲ್ಲರ ಹಾರೈಕೆ.

ದಸ್ತಗೀರ ಲೆಕ್ಕ ಹಚ್ಚಿದ. ಒಂಬತ್ತು ದಿನ ಓಡಬೇಕಾದ ಲೆಕ್ಕ ಆರನೆಯ ದಿನ ನಿಂತುಬಿಟ್ಟಿತು. ಮತ್ತೆ ಹಚ್ಚಿದ. ಮತ್ತೆ ಆರನೆಯ ದಿನ. ಹನ್ನೊಂದು ಸಲ ಹೀಗಾಯಿತು. ಪ್ರತಿ ಸಲವೂ ಕೆಡುತ್ತಿದ್ದದ್ದು ಅಂಚಿನ ಮನೆಗಳಲ್ಲಿ, ಅನಿಲ ಹಿಂದಕ್ಕೆ ಹೊರಳಲು ನೋಡಿದ ಗಳಿಗೆಯಲ್ಲಿ.

ಹನ್ನೆರಡನೆಯ ಸಲ ಅವನು ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ. ಅಂಚಿನ ಮನೆಯಲ್ಲಿ ಅನಿಲ ಹಿಂದಕ್ಕೆ ತಿರುಗಿದರೆ ಅಲ್ಲೇ ನಿಲ್ಲಿಸು, ತೂಕ ಮೊದಲಿದ್ದಷ್ಟೇ ಇರಲಿ ಎಂದು ಆ ಸಾಲಿನ ಅರ್ಥ. ಸದ್ಯಕ್ಕೆ ಇರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡ. ಅವನ ಕೆಲಸವೂ ಆರು ವರ್ಷದಿಂದ ಸದ್ಯಕ್ಕೇ ಇತ್ತು. ಕೊರಳಿನ ಗುರುತಿನ ಚೀಟಿಯ ಮೇಲೆ ತಾತ್ಕಾಲಿಕ ಎಂದು ಅಚ್ಚಾಗಿತ್ತು.

ಲೆಕ್ಕ ಒಂಬತ್ತು ದಿನ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಚಿತ್ರ ಬಂತು. ಇಳಕಲ್ ಸೀರೆಯ ಸೆರಗಿನ ಹಾಗೆ ಬಣ್ಣ ಬಣ್ಣ. ಮೂರು ಬಾಯಿಯಿಂದ ಹೊರಟ ಅನಿಲ ನೆಟ್ಟಗೆ ದೂರ ಹೋಗಿತ್ತು. ಒಂದು ಹನಿಯೂ ಹಿಂದಿರುಗಿರಲಿಲ್ಲ.

ನಿರ್ದೇಶಕರು ಬೆನ್ನು ತಟ್ಟಿದರು. ಪರಿಶೀಲನಾ ಸಭೆ ಮುಂದಿನ ತಿಂಗಳ ಮೊದಲ ಸೋಮವಾರ ಎಂದು ಗೊತ್ತಾಯಿತು. ಅಲ್ಲಿ ಒಪ್ಪಿಗೆ ಸಿಕ್ಕರೆ ಮರೆಯಿಲ್ಲದೆಯೇ ಲೋಹ ಕತ್ತರಿಸಲು ಶುರು ಮಾಡುವುದು. ಜೊತೆಗೆ ದಸ್ತಗೀರನ ನೌಕರಿಯನ್ನೂ ಕಾಯಂ ಮಾಡುವುದು. ಆ ಸಾಲಿನ ವಿಷಯ ಅವನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅಕ್ಕೋರ ಸಹಿ ಒಂದು ಬಾಕಿ ಇತ್ತು.

ಅಕ್ಕೋರದು ಒಂದು ಪದ್ಧತಿ. ಯಾವ ಲೆಕ್ಕಕ್ಕೇ ಆಗಲಿ, ನಾಲ್ಕು ಕೋಟಿ ಮನೆಗಳಲ್ಲಿ ಒಂದೇ ಒಂದು ಮನೆಯನ್ನು ಶಿಷ್ಯ ಅವರೆದುರು ಕೂತು, ಪೆನ್ಸಿಲ್ ಹಿಡಿದು, ಕೈಯಿಂದ ಬಿಡಿಸಿ ತೋರಿಸಬೇಕು. ಯಾವ ಮನೆ ಎಂದು ಆರಿಸುವುದು ಶಿಷ್ಯನಿಗೇ ಬಿಟ್ಟದ್ದು. ಅದು ತಾಳೆಯಾದರೆ ಅಕ್ಕೋರು ಆ ಹಾಳೆಯ ಮೂಲೆಯಲ್ಲಿ ಸಹಿ ಹಾಕುತ್ತಿದ್ದರು. ಹೊರಗಿನವರು ನಗುತ್ತಿದ್ದರು. ನಕ್ಕವರೂ ಆ ಸಹಿ ಇಲ್ಲದ ಲೆಕ್ಕವನ್ನು ನಂಬುತ್ತಿರಲಿಲ್ಲ.

ದಸ್ತಗೀರ ನಾಜಲ್ಲಿನ ಇಕ್ಕಟ್ಟಾದ ಕುತ್ತಿಗೆಯ ಒಂದು ಮನೆಯನ್ನು ಆರಿಸಿದ. ಅಲ್ಲಿ ಅನಿಲ ಒತ್ತಾಗಿ, ಒಂದೇ ದಿಕ್ಕಿಗೆ, ತಕರಾರಿಲ್ಲದೆ ಹರಿಯುತ್ತದೆ. ಒಂದು ಗಂಟೆಯಲ್ಲಿ ಬಿಡಿಸಿ ಮುಂದಿಟ್ಟ. ಬಂದದ್ದೂ ಹೋದದ್ದೂ ಕೂದಲೆಳೆಯಷ್ಟೂ ತಪ್ಪದೆ ಕೂಡಿತ್ತು.

ಅಕ್ಕೋರು ಓದಿದರು. ಚಿತ್ರವನ್ನೂ ಒಮ್ಮೆ ನೋಡಿದರು. ಕನ್ನಡಕ ತೆಗೆದಿಟ್ಟರು.

"ಬರೋಬ್ಬರಿ ಐತಿ," ಎಂದರು. "ನಾಳಿ ಇನ್ನೊಂದು ಮಾಡು."

ಸಹಿ ಹಾಕಲಿಲ್ಲ.

ಮರುದಿನ ಅವನು ಕುತ್ತಿಗೆಯಿಂದ ತುಸು ಹಿಂದಿನ ಮನೆಯೊಂದನ್ನು ಬಿಡಿಸಿದ. ಅದೂ ಸರಿಯಿತ್ತು. ಅಕ್ಕೋರು ನಾಳೆ ಇನ್ನೊಂದು ಎಂದರು. ಅದರ ಮರುದಿನ ದೂರದ ಬಯಲಿನದೊಂದು. ಅದೂ ಸರಿ. ಹೀಗೇ ಎರಡೂವರೆ ವಾರ ನಡೆಯಿತು. ಹದಿನೇಳು ಮನೆಗಳಾದವು. ಹದಿನೇಳೂ ತಾಳೆಯಾದವು. ಒಂದಕ್ಕೂ ಸಹಿ ಬೀಳಲಿಲ್ಲ.

ಸಂಶೋಧನಾಲಯದಲ್ಲಿ ಗುಸುಗುಸು ಎದ್ದಿತು. ಅಕ್ಕೋರಿಗೆ ವಯಸ್ಸಾಯಿತು ಎಂದರು ಕೆಲವರು. ಶಿಷ್ಯ ತಮ್ಮನ್ನು ಮೀರಿಸಿದ್ದನ್ನು ಸಹಿಸಲಾಗುತ್ತಿಲ್ಲ ಎಂದರು ಇನ್ನು ಕೆಲವರು. ನಾಲಿಗೆಗೆ ಎಲುಬಿಲ್ಲ. ದಸ್ತಗೀರನಿಗೂ ಒಮ್ಮೆ ಹಾಗೆನ್ನಿಸಿತು. ಅನ್ನಿಸಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡ.

ಹದಿನೆಂಟನೆಯ ದಿನ ಅವನ ತಾಳ್ಮೆ ಮುಗಿಯಿತು.

"ಇನ್ನ ಎಷ್ಟ ಮನಿ ಮಾಡಬೇಕ್ರಿ ಅಕ್ಕೋರ?"

"ನಿನಗ ಬ್ಯಾಡಾದ ಮನಿ ಬರೂ ತನಕ," ಎಂದರು ಅಕ್ಕೋರು. ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ದಸ್ತಗೀರ ಅಲ್ಲೇ ಕೂತ. ಅಕ್ಕೋರಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು.

ಮರುದಿನ ಗುರುವಾರ. ಬೆಳಿಗ್ಗೆಯೇ ಅವನು ಅಕ್ಕೋರ ಮನೆಗೆ ಹೋದ. ತಪ್ಪು ಒಪ್ಪಿಕೊಳ್ಳಲು ಅಲ್ಲ, ವಾದಿಸಲು. ದಾರಿಯುದ್ದಕ್ಕೂ ವಾದವನ್ನು ಜೋಡಿಸಿಕೊಂಡು ಬಂದಿದ್ದ. ಅಕ್ಕೋರು ಹಿತ್ತಲಿನ ನೀರೊಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸೌದೆ ತಳ್ಳುತ್ತಿದ್ದರು. ಸೌದೆ ಹಸಿಯಾಗಿತ್ತು.

"ಅಂಚಿನಾಗ ಇರೂದು ಎಷ್ಟರಿ ಅನಿಲ?" ಎಂದ, ನಮಸ್ಕಾರ ಹೇಳುವುದನ್ನೂ ಮರೆತು. "ಸಾವಿರದಾಗ ಒಂದೆರಡು ಪಾಲು. ಉಳದದ್ದೆಲ್ಲಾ ನೆಟ್ಟಗ ಹೋಗತೈತಿ. ಅಷ್ಟಕ್ಕ ಇಡೀ ಲೆಕ್ಕ ಕೆಡಸಬೇಕೇನ್ರಿ?"

ಅಕ್ಕೋರು ಊದುಗೊಳವೆಯನ್ನು ಅವನ ಕೈಗಿತ್ತರು.

"ಊದು. ಜೋರ ಊದು."

ದಸ್ತಗೀರ ಕೂತು, ಕೆನ್ನೆ ಉಬ್ಬಿಸಿ ಊದಿದ. ಒಲೆ ಭಗ್ಗೆಂದಿತು. ಬೂದಿ ಎದ್ದು ಮುಖಕ್ಕೆ ಬಡಿಯಿತು. ಕೊಳವೆ ಬಿಟ್ಟು ಕಣ್ಣುಜ್ಜಿಕೊಂಡ.

"ಉಸರು ಯಾ ಕಡೆ ಬಿಟ್ಟಿ?"

"ಒಲಿ ಕಡೆ ರಿ."

"ಎಲ್ಲಾ?"

"ಎಲ್ಲಾ ರಿ."

"ಹಂಗಾರ ಕಣ್ಣಾಗ ಬೂದಿ ಯಾರ ಹಾಕಿದ್ರು?"

ದಸ್ತಗೀರ ಬುದ್ಧಿವಂತ. ಬುದ್ಧಿವಂತರು ಅಷ್ಟು ಬೇಗ ಸೋಲುವುದಿಲ್ಲ. ಇಲ್ಲಿ ಒಲೆಯ ಗೋಡೆ ಇದೆ, ಸುತ್ತ ಗಾಳಿ ಇದೆ, ಅದಕ್ಕೇ ಉಸಿರು ತಿರುಗಿತು. ಆಕಾಶದಲ್ಲಿ ತಡೆಯಲು ಯಾವ ಗೋಡೆ, ಯಾವ ಗಾಳಿ ಎಂದು ಕೇಳಿದ. ಕಣ್ಣಿನಿಂದ ಇನ್ನೂ ನೀರು ಇಳಿಯುತ್ತಿತ್ತು.

ಅಕ್ಕೋರು ಒಪ್ಪಿದರು. ಅಲ್ಲಿ ಏನೂ ಇಲ್ಲ ಎಂದರು. ಆಮೇಲೆ ಕೇಳಿದರು.

"ಮೂರ ಮಂದಿ ಬಾಜೂಕ ಬಾಜೂಕ ಕುಂತು ಊದಿದ್ರ?"

ದಸ್ತಗೀರನ ವಾದ ಅಲ್ಲಿಗೆ ನಿಂತಿತು. ಗೋಡೆ ಇಲ್ಲದಿದ್ದರೇನು, ಮೂರು ಬಾಯಿಯ ಅನಿಲ ಹರಡಿಕೊಂಡು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತದೆ. ಡಿಕ್ಕಿ ಹೊಡೆದದ್ದು ಎಲ್ಲಿಗಾದರೂ ಹೋಗಲೇಬೇಕು. ಇದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಆ ಸಾಲು ಬರೆದಿದ್ದ.

ಅವನು ಮುಖ ತೊಳೆದುಕೊಂಡು ಬಂದು ಹಿತ್ತಲ ಕಟ್ಟೆಯ ಮೇಲೆ ಹಾಳೆ ಹರಡಿದ. ಯಾರೂ ಹೇಳದೆಯೇ ಅಂಚಿನ ಮನೆಯನ್ನು ಬಿಡಿಸತೊಡಗಿದ. ಹಾಳೆಯ ಎರಡೂ ಬದಿ ತುಂಬಿತು. ಮನೆಯ ಒಂದು ಬದಿಯಿಂದ ಅನಿಲ ಬರುತ್ತಿತ್ತು. ಇನ್ನೊಂದು ಬದಿಯಿಂದ ಅಷ್ಟು ಹೋಗುತ್ತಿರಲಿಲ್ಲ. ಮನೆ ಕ್ಷಣಕ್ಷಣಕ್ಕೂ ತುಂಬಿ ಬಿರಿಯಬೇಕಿತ್ತು. ಆದರೆ ಅವನ ಪ್ರೋಗ್ರಾಮಿನಲ್ಲಿ ಅದು ಏನೂ ಆಗದ ಹಾಗೆ ತಣ್ಣಗೆ ಕೂತಿತ್ತು.

"ಹೆಚ್ಚಾಗಿದ್ದು ಎಲ್ಲಿ ಹೋತು?" ಎಂದು ಅಕ್ಕೋರು ಕೇಳಿದರು.

"ಎಲ್ಲೂ ಹೋಗಿಲ್ರಿ ಅಕ್ಕೋರ. ನಾನ ಅಳಿಸಿ ಹಾಕೀನ್ರಿ."

ಹೇಳಿ ತಲೆ ತಗ್ಗಿಸಿದ. ನಾಚಿಕೆಯಾಯಿತು. ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದ ಹಾಗೂ ಆಯಿತು.

ಅಕ್ಕೋರು ಬೈಯಲಿಲ್ಲ. ಪ್ರೋಗ್ರಾಮು ಆ ಜಾಗದಲ್ಲೇ ಯಾಕೆ ಸಾಯುತ್ತಿತ್ತು ಎಂದು ಕೇಳಿದರು. ದಸ್ತಗೀರ ಹೇಳಿದ. ಅವರ ಸಮೀಕರಣ ಅನಿಲವನ್ನು ಹೊಳೆಯ ಹಾಗೆ ಕಾಣುತ್ತದೆ. ಒಳಗೆ ಅದು ಹೊಳೆಯೇ. ಆದರೆ ಅಂಚಿನಲ್ಲಿ ತಿರುಗುವಾಗ ಎಷ್ಟು ತೆಳುವಾಗುತ್ತದೆಂದರೆ, ಒಂದು ಕಣಕ್ಕೂ ಇನ್ನೊಂದಕ್ಕೂ ಮುಖ ಪರಿಚಯವೇ ಇರುವುದಿಲ್ಲ. ಅಲ್ಲಿ ಹೊಳೆಯ ಲೆಕ್ಕ ದಾರಿ ತಪ್ಪುತ್ತದೆ.

"ಹತ್ತಿ ತುಂಬಿದ ಅಂಡಿಗಿ ಮೂಟಿ ನೋಡೀಯಿಲ್ಲೋ," ಎಂದರು ಅಕ್ಕೋರು. "ನಿಮ್ಮಪ್ಪ ಅದನ್ನ ಹೆಂಗ ತೂಗತಾನ?"

"ಇಡೀದ ತೂಗತಾನ್ರಿ."

"ಹಿಂಜಿದಾಗ ಮನಿ ತುಂಬ ಹಾರತಾವಲ್ಲ, ಎಳಿ. ಅವು?"

ದಸ್ತಗೀರ ನಕ್ಕ. ಚಿಕ್ಕಂದಿನಲ್ಲಿ ಆ ಎಳೆಗಳು ಮೂಗಿನೊಳಗೆ ಹೊಕ್ಕು ಸೀನಿದ್ದು ನೆನಪಾಯಿತು. "ಅವು ಯಾರ ಮಾತೂ ಕೇಳೂದಿಲ್ರಿ. ಒಂದೊಂದೂ ಒಂದೊಂದ ಕಡೆ."

"ಮಂದಿ ಭಾಳ ಇದ್ದಲ್ಲಿ ಸರಾಸರಿ ನಡೀತೈತಿ," ಎಂದರು ಅಕ್ಕೋರು. "ಕಡಿಮಿ ಇದ್ದಲ್ಲಿ ಒಬ್ಬೊಬ್ಬರನ್ನೂ ಕೇಳಬೇಕು."

ಹಾಗೆ ಕೇಳುವ ವಿಧಾನವೂ ಅವನಿಗೆ ಗೊತ್ತಿತ್ತು. ಅಂಚಿನವರೆಗೆ ಹಳೆಯ ಲೆಕ್ಕ. ಅಂಚು ದಾಟಿದ ಮೇಲೆ ಒಂದೊಂದು ಕಣದ ಬೆನ್ನು ಹತ್ತಿ ಹೋಗಿ, ಅದು ಯಾವುದಕ್ಕೆ ತಗುಲಿತು, ಎತ್ತ ಹೊರಳಿತು ಎಂದು ಬರೆದುಕೊಳ್ಳುವುದು. ಎರಡನ್ನೂ ಕೂಡಿಸಿ ಹೊಲಿಯಬೇಕು. ಏಳು ತಿಂಗಳಾದರೂ ಬೇಕು. ಸಭೆಗೆ ಉಳಿದಿದ್ದದ್ದು ನಾಲ್ಕು ದಿನ.

ಸೋಮವಾರ ಏನು ಹೇಳಲಿ ಎಂದು ಕೇಳಿದ. ಅಕ್ಕೋರು ಒಳಗೆ ಹೋಗಿ ತಟ್ಟೆಯಲ್ಲಿ ಮಂಡಕ್ಕಿಯ ಸೂಸಲಾ ತಂದಿಟ್ಟು, ಮೊದಲು ತಿನ್ನು ಎಂದರು. ಅವನು ತಿನ್ನುತ್ತಿದ್ದಾಗ ಅಂಚಿನ ಮನೆಯ ಹಾಳೆಯನ್ನು ಎತ್ತಿಕೊಂಡು ಎರಡೂ ಬದಿ ಓದಿದರು. ಮೂಲೆಯಲ್ಲಿ ಸಹಿ ಹಾಕಿದರು.

ಹದಿನೇಳು ಹಾಳೆ ತಾಳೆಯಾದಾಗ ಬೀಳದ ಸಹಿ, ತಾಳೆಯಾಗದ ಒಂದಕ್ಕೆ ಬಿತ್ತು. ದಸ್ತಗೀರ ಬಾಯಿಯಲ್ಲಿದ್ದದ್ದನ್ನು ನುಂಗುವುದನ್ನೂ ಮರೆತ.

"ಇದೊಂದ ಖರೆ ಐತಿ," ಎಂದರು ಅಕ್ಕೋರು. ಸಭೆಯ ಮಾತು ಎತ್ತಲೇ ಇಲ್ಲ.

ಸೋಮವಾರ ಬಂತು. ಸಭೆಯ ಅಧ್ಯಕ್ಷರು ವಿಠಲ ಕಿಣಿ ಎಂಬ ಇಂಜಿನಿಯರು, ಹೊರಗಿನಿಂದ ಬಂದವರು, ಹೊತ್ತಿಗೆ ಸರಿಯಾಗಿ ಊಟ ಮಾಡುವವರು. ಉದ್ದನೆಯ ಮೇಜಿನ ಸುತ್ತ ಇಪ್ಪತ್ತು ಮಂದಿ. ಅಕ್ಕೋರು ಹಿಂದಿನ ಸಾಲಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದರು.

ದಸ್ತಗೀರ ಚಿತ್ರ ತೋರಿಸಿದ. ಎಲ್ಲರ ಮುಖವೂ ಅರಳಿತು. ಮರೆ ಬೇಡ ಎಂದಾಯಿತಲ್ಲ ಎಂದು ಕಿಣಿಯವರು ಪೆನ್ನು ಕೈಗೆತ್ತಿಕೊಂಡರು. ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಸಾಕಿತ್ತು. ಕೊರಳಿನ ಚೀಟಿಯ ಆ ಪದ ಅಳಿಸಿಹೋಗುತ್ತಿತ್ತು, ಅಪ್ಪನಿಗೆ ಫೋನು ಮಾಡಬಹುದಿತ್ತು. ಅವನು ಹಿಂದಿನ ಸಾಲಿನತ್ತ ನೋಡಿದ. ಅಕ್ಕೋರು ಕಿಟಕಿಯಾಚೆ ನೋಡುತ್ತಿದ್ದರು.

"ಸರ್, ಸಹಿ ಮಾಡಬ್ಯಾಡ್ರಿ," ಎಂದ ದಸ್ತಗೀರ. ಸಭೆಗೆಂದು ಕಲಿತುಬಂದ ಭಾಷೆ ಮರೆತುಹೋಗಿತ್ತು. "ಅನಿಲ ತಿರುಗೂದಿಲ್ಲ ಅಂತ ಕಂಪ್ಯೂಟರ್ ಹೇಳಿಲ್ಲರಿ. ನಾನು ಹೇಳಿಸೀನಿ."

ಅವನು ಆ ಒಂದು ಸಾಲನ್ನು ತೆರೆಯ ಮೇಲೆ ತೋರಿಸಿದ. ಅಂಚಿನ ಮನೆಯ ಹಾಳೆಯನ್ನು ಮೇಜಿನ ಮೇಲಿಟ್ಟ. ಯಾವಾಗ ಬರೆದೆ, ಯಾಕೆ ಬರೆದೆ, ಎಷ್ಟು ದಿನ ಮುಚ್ಚಿಟ್ಟೆ ಎಂಬುದನ್ನೆಲ್ಲ ಹೇಳಿದ. ಅನಿಲ ವಾಪಸ್ ಬರುತ್ತದೆಯೇ ಎಂದು ಕಿಣಿಯವರು ಕೇಳಿದಾಗ ಗೊತ್ತಿಲ್ಲ ಎಂದ. ಏಳು ತಿಂಗಳು ಕೊಟ್ಟರೆ ಹೇಳುತ್ತೇನೆ ಎಂದ.

ಕಿಣಿಯವರಿಗೆ ಸಿಟ್ಟು ಬಂತು. ಬಂದದ್ದು ತಪ್ಪಲ್ಲ. ಹಾಳೆಯ ಎರಡೂ ಬದಿ ಓದಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಲೋಹ ಕತ್ತರಿಸುವವರಿಗೆ ತಡೆಯಲು ಹೇಳಿ ಎಂದರು. ಸಭೆ ಮುಂದಕ್ಕೆ ಹೋಯಿತು. ದಸ್ತಗೀರನ ನೌಕರಿಯ ಕಾಗದವೂ ಮುಂದಕ್ಕೆ ಹೋಯಿತು.

ಏಳು ತಿಂಗಳು ಎಂದದ್ದು ಎಂಟಾಯಿತು. ಅಂಚಿನ ಸಾಲು ಅಳಿಸಿ, ಎರಡು ಲೆಕ್ಕಗಳನ್ನು ಹೊಲಿದು, ಒಂದೊಂದು ಕಣವನ್ನೂ ಹಿಂಬಾಲಿಸಿದ. ಅದು ಎಂಥ ಕೆಲಸ ಎಂದು ಅದರ ಪಕ್ಕದಲ್ಲಿ ಕೂತವರಿಗೇ ಗೊತ್ತು. ಹೊಳೆಯ ಲೆಕ್ಕವೂ ಎಳೆಯ ಲೆಕ್ಕವೂ ಕೂಡುವ ಗಡಿಯಲ್ಲಿ ಒಂದು ಕಣವೂ ಕಳೆಯಬಾರದು, ಒಂದೂ ಹೆಚ್ಚಬಾರದು. ಕಳೆಯಲಿಲ್ಲ, ಹೆಚ್ಚಲಿಲ್ಲ. ಈ ಸಲದ ಚಿತ್ರ ಮೊದಲಿನಷ್ಟು ಚೆಂದ ಇರಲಿಲ್ಲ. ಅಂಚಿನ ಸುತ್ತ ಮಂಜು ಕವಿದ ಹಾಗೆ ಮಸುಕಾಗಿತ್ತು.

ಆ ಮಸುಕಿನಲ್ಲಿ ಉತ್ತರ ಇತ್ತು. ಸಾವಿರಕ್ಕೆ ಎರಡು ಪಾಲು ಅನಿಲ ಹಿಂದಿರುಗಿ ಬಂದಿತ್ತು. ವಾಷರ್ ಕರಗಲು ಅದು ಸಾಕಾಗಿ ಮಿಕ್ಕುತ್ತಿತ್ತು. ಆದರೆ ಬಂದದ್ದು ಎಲ್ಲಿಗೆ ಬಂತು ಎಂಬುದೂ ಈಗ ಗೊತ್ತಾಗಿತ್ತು. ಮರೆ ಅಲ್ಲಿಗಷ್ಟೇ ಸಾಕು, ಒಂಬತ್ತು ಕಿಲೋದಲ್ಲಿ ಆಗುತ್ತದೆ. ಕಿಣಿಯವರು ಈ ಸಲ ಸಹಿ ಮಾಡಿದರು. ಮಾಡಿ ಎದ್ದು ಬಂದು ಕೈ ಕುಲುಕಿದರು.

ಅವತ್ತು ಸಂಜೆ ಗುರು-ಶಿಷ್ಯರು ಹೊಳೆಯ ದಂಡೆಗೆ ಹೋದರು. ಅಕ್ಕೋರು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತು, ಪಾದ ನೀರಿಗೆ ಇಳಿಬಿಟ್ಟರು. ದಸ್ತಗೀರ ಪಕ್ಕದ ಕಲ್ಲಿನ ಮೇಲೆ ಕೂತ. ಎಂಟು ತಿಂಗಳಿಂದ ಅವನಲ್ಲಿ ಒಂದು ಪ್ರಶ್ನೆ ಇತ್ತು. ಕೇಳಲು ಹೆದರಿಕೆಯಾಗಿತ್ತು.

"ಅಕ್ಕೋರ, ನಿಮಗ ಮೊದಲನೇ ದಿನಾನ ಗೊತ್ತಿತ್ತು. ಅವತ್ತ ಸಭಾದಾಗ ನಾನು ಬಾಯಿ ಬಿಡದ ಇದ್ದಿದ್ರ ಏನ್ಮಾಡತಿದ್ರಿ?"

"ನಾನ ಎದ್ದ ನಿಂತು ಈ ತಪ್ಪು ನಂದು ಅಂತಿದ್ದೆ."

ದಸ್ತಗೀರ ಒಪ್ಪಲಿಲ್ಲ. ಆ ಸಾಲು ಬರೆದವನು ತಾನು, ಮುಚ್ಚಿಟ್ಟವನೂ ತಾನು, ಅಕ್ಕೋರು ಆ ಲೆಕ್ಕಕ್ಕೆ ಸಹಿ ಕೂಡ ಹಾಕಿರಲಿಲ್ಲ ಎಂದ.

"ಅದು ನಿಮ್ಮ ತಪ್ಪು ಹೆಂಗ ಆಗತೈತ್ರಿ?"

ಅಕ್ಕೋರು ನೀರಿನಿಂದ ಕಾಲು ಎತ್ತಿಕೊಂಡರು.

"ಅಲ್ಲಿ ತನಕ ನಿಂದ," ಎಂದರು. "ಕಲಿಸಿದಾಕಿ ನಾನು, ನೀ ಸುಮ್ಮನ ಕುಂತಿದ್ರ ನಂದ ಆಗತಿತ್ತು."